ಟವರ್‌ಗೆ ಕಾಣದ ಹೆಜ್ಜೆಗಳು

"ನಿನ್ನೆ ನೀವು ಎಲ್ಲೆಲ್ಲಿಗೆ ಹೋಗಿದ್ರಿ ಅಮ್ಮಾ?" ಎಂದು ಸಮೀಕ್ಷೆಗೆ ಬಂದ ಹುಡುಗ ಕೇಳಿದ. ಬಾಗಿಲಲ್ಲಿ ನಿಂತಿದ್ದ ನಮ್ಮತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ನಾನೆಲ್ಲಿಗಪ್ಪ ಹೋಗ್ಲಿ, ಮನೇಲೇ ಇದ್ದೆ" ಅಂದರು. ಹುಡುಗ 'ಪ್ರಯಾಣ ಇಲ್ಲ' ಎಂದು ಬರೆದುಕೊಂಡ. ಹಿಂದಿನ ದಿನ ಅವರು ಬೆಳಿಗ್ಗೆ ಮೊಮ್ಮಗಳನ್ನು ಶಾಲೆಗೆ ಬಿಟ್ಟು, ಬರುವಾಗ ಹಾಲು ತಂದು, ಮಧ್ಯಾಹ್ನ ರೇಷನ್ ಅಂಗಡಿಯ ಸಾಲಿನಲ್ಲಿ ಒಂದೂವರೆ ಗಂಟೆ ನಿಂತು, ಸಂಜೆ ಮತ್ತೆ ಶಾಲೆಗೆ ಹೋಗಿ ಬಂದಿದ್ದರು. ಅವರ ಪಾಲಿಗೆ ಇದ್ಯಾವುದೂ 'ಹೋಗುವುದು' ಆಗಿರಲಿಲ್ಲ. ಹೋಗುವುದು ಅಂದರೆ ಊರಿಗೆ, ಮದುವೆಗೆ, ದೇವರಿಗೆ.

ಎಷ್ಟೋ ವರ್ಷಗಳ ಹಿಂದಿನ ಮಾತಿದು. ನಗರಗಳು ತಮ್ಮ ರಸ್ತೆ, ಬಸ್ಸು, ಮೆಟ್ರೊಗಳ ಲೆಕ್ಕ ಹಾಕಿದ್ದು ಇಂಥ ಉತ್ತರಗಳಿಂದಲೇ. ಕೆಲವು ಸಾವಿರ ಮನೆಗಳ ಬಾಗಿಲು ತಟ್ಟುವುದು, ನಾಕಾಗಳಲ್ಲಿ ವಾಹನ ನಿಲ್ಲಿಸಿ ಎಲ್ಲಿಂದ ಎಲ್ಲಿಗೆ ಎಂದು ಕೇಳುವುದು, ಅದನ್ನು ಇಡೀ ನಗರಕ್ಕೆ ಹಿಗ್ಗಿಸುವುದು. ವರದಿ ಅಚ್ಚಾಗುವಷ್ಟರಲ್ಲಿ ಊರು ಇನ್ನೊಂದು ಬಡಾವಣೆಯಷ್ಟು ಬೆಳೆದಿರುತ್ತದೆ.

ಈಗ ಈ ಕೆಲಸಕ್ಕೆ ಮೊಬೈಲ್ ಜಾಲ ಬಂದಿದೆ. ನಾವು ಕರೆ ಮಾಡಿದಾಗ, ಸಂದೇಶ ಕಳಿಸಿದಾಗ, ಡೇಟಾ ಬಳಸಿದಾಗ ಕಂಪನಿಯ ಕಡತದಲ್ಲಿ ಒಂದು ಸಾಲು ಸೇರುತ್ತದೆ. ಯಾವ ಸಂಖ್ಯೆ, ಎಷ್ಟು ಹೊತ್ತಿಗೆ, ಯಾವ ಟವರ್ ಎಂಬುದು ಅದರಲ್ಲಿರುತ್ತದೆ. ಇದು ಬಿಲ್ಲಿನ ಲೆಕ್ಕಕ್ಕಾಗಿ ಹುಟ್ಟಿದ ಕಡತ. ಹಲವು ವಾರ ರಾತ್ರಿ ಹೊತ್ತು ಒಂದು ಫೋನು ಯಾವ ಟವರಿನಡಿ ಹೆಚ್ಚಾಗಿ ಇರುತ್ತದೋ ಅದು ಮನೆ ಎಂದುಕೊಳ್ಳುತ್ತಾರೆ. ಕೆಲಸದ ದಿನಗಳ ಹಗಲಲ್ಲಿ ಇರುವುದು ಕೆಲಸದ ಜಾಗ. ಇವೆರಡರ ನಡುವಿನದು ಪ್ರಯಾಣ. ಹೀಗೆ ಲಕ್ಷಾಂತರ ಫೋನುಗಳ ಸಾಲುಗಳನ್ನು ಕೂಡಿಸಿದರೆ, ಬೆಳಿಗ್ಗೆ ಎಂಟರಿಂದ ಒಂಬತ್ತರೊಳಗೆ ಈ ವಾರ್ಡಿನಿಂದ ಆ ವಾರ್ಡಿಗೆ ಎಷ್ಟು ಜನ ಹೋದರು ಎಂಬ ಕೋಷ್ಟಕ ಸಿಗುತ್ತದೆ. ಯಾರ ಮನೆಯ ಬಾಗಿಲೂ ತಟ್ಟಬೇಕಿಲ್ಲ.

ಇದರಲ್ಲಿ ತಪ್ಪುಗಳೂ ಇವೆ. ಎರಡು ಟವರ್‌ಗಳ ನಡುವಿನ ಮನೆಯಲ್ಲಿ ಮೇಜಿನ ಮೇಲೆ ಸುಮ್ಮನೆ ಬಿದ್ದಿರುವ ಫೋನು ಒಮ್ಮೆ ಇದಕ್ಕೆ, ಒಮ್ಮೆ ಅದಕ್ಕೆ ಜೋಡಿಕೊಳ್ಳುತ್ತದೆ. ಲೆಕ್ಕದಲ್ಲಿ ಅದು ದಿನವಿಡೀ ಅಡ್ಡಾಡುವ ಮನುಷ್ಯನಂತೆ ಕಾಣುತ್ತದೆ. ಅಂಥ ಸುಳ್ಳು ಓಡಾಟವನ್ನು ಸೋಸಿ ತೆಗೆಯಬೇಕು. ನಗರದಲ್ಲಿ ಕೆಲವು ನೂರು ಮೀಟರಿಗೊಂದು ಟವರ್ ಇದ್ದರೆ ಹಳ್ಳಿಗಾಡಿನಲ್ಲಿ ಹಲವು ಕಿಲೋಮೀಟರಿಗೊಂದು. ಆ ವಿಸ್ತಾರದೊಳಗೆ ಯಾರು ಎಲ್ಲಿ ಎಂದು ತಿಳಿಯದು. ಬಸ್ಸಲ್ಲಿ ಹೋದರೋ, ಬೈಕಲ್ಲೋ ಎಂಬುದೂ ಸುಲಭಕ್ಕೆ ಗೊತ್ತಾಗದು.

ಇಷ್ಟಿದ್ದೂ ಇದು ಎಷ್ಟು ದೊಡ್ಡ ಕೆಲಸ ಮಾಡಬಲ್ಲದೆಂದು ಮೊದಲು ತೋರಿಸಿಕೊಟ್ಟದ್ದು ಹೈಟಿ. 2010ರ ಜನವರಿ 12ರಂದು ಭೂಕಂಪ ಆ ದೇಶದ ರಾಜಧಾನಿ ಪೋರ್ಟ್-ಔ-ಪ್ರಿನ್ಸ್ ಅನ್ನು ಕೆಡವಿ ಹಾಕಿತು. ಬದುಕುಳಿದವರು ಊರು ಬಿಟ್ಟರು. ಎಷ್ಟು ಜನ ಎಲ್ಲಿಗೆ ಹೋದರೆಂದು ತಿಳಿಯದೆ ಅಕ್ಕಿ, ನೀರು, ಔಷಧ ಕಳಿಸುವುದು ಹೇಗೆ? ಸರ್ಕಾರದ ಜನ ಬಸ್ಸು, ದೋಣಿಗಳನ್ನು ನಿಂತು ಎಣಿಸಿದರು. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಲಿನಸ್ ಬೆಂಗ್ಟ್‌ಸನ್ ಮತ್ತು ಸಂಗಡಿಗರು ಡಿಜಿಸೆಲ್ ಕಂಪನಿಯ 19 ಲಕ್ಷ ಸಿಮ್‌ಗಳ ಚಲನೆಯನ್ನು ನೋಡಿದರು. ಭೂಕಂಪದ ದಿನ ರಾಜಧಾನಿಯಲ್ಲಿದ್ದವರಲ್ಲಿ ಸುಮಾರು 6.3 ಲಕ್ಷ ಜನ ಹತ್ತೊಂಬತ್ತು ದಿನಗಳಲ್ಲಿ ಅದನ್ನು ಬಿಟ್ಟಿದ್ದರು ಎಂಬುದು ಅವರ ಅಂದಾಜು. ಮುಂದೆ ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಮನೆಮನೆಗೆ ಹೋಗಿ ಕೇಳಿದಾಗ ಜನ ಹಂಚಿಹೋದ ರೀತಿ ಈ ಅಂದಾಜಿಗೆ ಚೆನ್ನಾಗಿಯೇ ಹೊಂದಿತು.

ಆ ಅಧ್ಯಯನದ ಮುಂದುವರಿಕೆ 2012ರಲ್ಲಿ ಬಂತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದು. ನಗರ ಬಿಟ್ಟ ಜನ ದಿಕ್ಕುಗೆಟ್ಟು ಎಲ್ಲೆಂದರಲ್ಲಿಗೆ ಓಡಿರಲಿಲ್ಲ. ಭೂಕಂಪಕ್ಕೆ ಕೆಲವೇ ದಿನ ಮೊದಲು, ಕ್ರಿಸ್‌ಮಸ್ ಮತ್ತು ಹೊಸವರ್ಷಕ್ಕೆ ಎಲ್ಲಿಗೆ ಹೋಗಿದ್ದರೋ ಬಹುಪಾಲು ಅಲ್ಲಿಗೇ ಹೋಗಿದ್ದರು. ಹಬ್ಬಕ್ಕೆ ಕರೆಯುವ ಮನೆಯೇ ಆಪತ್ತಿಗೂ ಆಸರೆ. ನಮ್ಮ ಯಾವ ಅಜ್ಜಿಯನ್ನು ಕೇಳಿದ್ದರೂ ಇದನ್ನೇ ಹೇಳುತ್ತಿದ್ದಳು, ನಿಜ. ಆದರೆ ಅಜ್ಜಿಯ ಮಾತಿನಿಂದ ಯಾವ ಜಿಲ್ಲೆಗೆ ಎಷ್ಟು ಲಾರಿ ಅಕ್ಕಿ ಕಳಿಸಬೇಕೆಂಬುದು ತಿಳಿಯುವುದಿಲ್ಲ. ಸಿಮ್‌ಗಳ ಲೆಕ್ಕದಿಂದ ತಿಳಿಯುತ್ತದೆ.

ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿ ಆರೆಂಜ್ ಕಂಪನಿ 2011ರ ಡಿಸೆಂಬರಿನಿಂದ 2012ರ ಏಪ್ರಿಲ್‌ವರೆಗಿನ 50 ಲಕ್ಷ ಗ್ರಾಹಕರ ಕರೆ, ಸಂದೇಶಗಳ ದಾಖಲೆಯನ್ನು ಹೆಸರು, ಸಂಖ್ಯೆ ಅಳಿಸಿ ಸಂಶೋಧಕರಿಗೆ ಕೊಟ್ಟಿತು. ಟವರ್ ಮಟ್ಟದ ವಿವರವಿದ್ದ ಭಾಗದಲ್ಲಿ ಎರಡು ವಾರಕ್ಕೊಮ್ಮೆ ಬೇರೆ 50 ಸಾವಿರ ಜನರನ್ನು ಆರಿಸಿ ಹೊಸ ಗುರುತುಸಂಖ್ಯೆ ಕೊಟ್ಟರು, ಒಬ್ಬನನ್ನೇ ಉದ್ದಕ್ಕೂ ಹಿಂಬಾಲಿಸಲು ಬರಬಾರದೆಂದು. ಐಬಿಎಂನ ಡಬ್ಲಿನ್ ತಂಡ ಅದನ್ನಿಟ್ಟುಕೊಂಡು ಅಬಿಜಾನ್ ನಗರದ ಬಸ್ ಮಾರ್ಗಗಳನ್ನು ನೋಡಿತು. ಕೆಲವೇ ಮಾರ್ಗಗಳನ್ನು ಸೇರಿಸಿ, ತಿದ್ದಿದರೆ ಒಟ್ಟು ಪ್ರಯಾಣದ ಸಮಯದಲ್ಲಿ ಶೇ 10ರಷ್ಟು ಉಳಿಯುತ್ತದೆ ಎಂದು ಲೆಕ್ಕ ಕೊಟ್ಟಿತು.

ಇನ್ನು ನಮ್ಮ ಮನೆಯಂಗಳಕ್ಕೆ ಬರೋಣ. 2020ರ ಮಾರ್ಚ್ 25ರಿಂದ ದೇಶಕ್ಕೆ ಬೀಗ ಬಿತ್ತು. ಹೆದ್ದಾರಿಗಳಲ್ಲಿ ತಲೆಯ ಮೇಲೆ ಗಂಟು, ಕಂಕುಳಲ್ಲಿ ಮಗು ಹೊತ್ತು ನಡೆದವರನ್ನು ಎಲ್ಲರೂ ನೋಡಿದೆವು. ಅದೇ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ, ಊರಿಗೆ ಮರಳಿದ ವಲಸೆ ಕಾರ್ಮಿಕರು ಒಂದು ಕೋಟಿಗೂ ಹೆಚ್ಚು ಎಂದಿತು. ದಾರಿಯಲ್ಲಿ ಸತ್ತವರ ಲೆಕ್ಕ ತನ್ನಲ್ಲಿಲ್ಲ ಎಂದೂ ಹೇಳಿತು. ಈ ಕಾರ್ಮಿಕರು ಹೊರಡುವ ಮುಂಚೆ ಎಲ್ಲಿ ಎಷ್ಟಿದ್ದರು, ಯಾವ ಜಿಲ್ಲೆಯವರು ಎಂಬ ಲೆಕ್ಕ ಇದ್ದಿದ್ದರೆ ರೈಲುಗಳನ್ನು ಮೊದಲ ವಾರವೇ ಬಿಡಬಹುದಿತ್ತು ಎಂದು ನಾನು ಇವತ್ತಿಗೂ ನಂಬಿದ್ದೇನೆ.

ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳದ ಕಡೆ ಹೀಗೆ ದುಡಿಮೆಗೆಂದು ಊರು ಬಿಡುವುದಕ್ಕೊಂದು ಹಳೆಯ ಮಾತಿದೆ: ಗುಳೆ. ಮಳೆ ಕೈಕೊಟ್ಟ ವರ್ಷವಂತೂ ಸರಿ, ಸುಗ್ಗಿ ಮುಗಿದ ಮೇಲೂ ಮನೆಮಂದಿಯೆಲ್ಲ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ, ಪುಣೆಗೆ, ಮುಂಬೈಗೆ, ಗೋವಾಕ್ಕೆ ಹೊರಡುತ್ತಾರೆ. ಮನೆಗೆ ಬೀಗ, ಇಲ್ಲವೆ ಕಟ್ಟೆಯ ಮೇಲೆ ವಯಸ್ಸಾದವರೊಬ್ಬರು. ಮಕ್ಕಳ ಶಾಲೆ ಅರ್ಧಕ್ಕೆ ನಿಲ್ಲುತ್ತದೆ. ಜನಗಣತಿಯ ಬಲೆಗೆ ಇವರು ಬೀಳುವುದಿಲ್ಲ, ಏಕೆಂದರೆ ಅದು ಹತ್ತು ವರ್ಷಕ್ಕೊಮ್ಮೆ ಬರುವುದು. ಇವರ ಪಯಣ ನಾಲ್ಕು ತಿಂಗಳದ್ದು. ಕೇಂದ್ರದ 2016-17ರ ಆರ್ಥಿಕ ಸಮೀಕ್ಷೆ ಕಾಯ್ದಿರಿಸದ ರೈಲು ಟಿಕೆಟ್‌ಗಳ ಲೆಕ್ಕದಿಂದ ವರ್ಷಕ್ಕೆ ಸುಮಾರು 90 ಲಕ್ಷ ಜನ ರಾಜ್ಯದಿಂದ ರಾಜ್ಯಕ್ಕೆ ವಲಸೆ ಹೋಗುತ್ತಾರೆ ಎಂದು ಅಂದಾಜಿಸಿತ್ತು. ಜಾಣ ಪ್ರಯತ್ನ ಅದು. ಆದರೆ ಲಿಂಗಸುಗೂರಿನಲ್ಲಿ ಸರ್ಕಾರಿ ಬಸ್ಸು ಹತ್ತಿ ಬೆಂಗಳೂರಲ್ಲಿ ಇಳಿದವರು ಅದರಲ್ಲಿ ಇಲ್ಲ.

ಅವರ ಸಿಮ್ ಮಾತ್ರ ಅದೇ ಇರುತ್ತದೆ. ನವೆಂಬರಿನವರೆಗೆ ಲಿಂಗಸುಗೂರಿನ ಟವರಿನಡಿ ರಾತ್ರಿ ಕಳೆಯುತ್ತಿದ್ದ ಎರಡು ಸಾವಿರ ಫೋನುಗಳು ಜನವರಿಯಲ್ಲಿ ಬೆಂಗಳೂರಿನ ಹೊರವಲಯದ ಟವರಿನಡಿ ರಾತ್ರಿ ಕಳೆಯತೊಡಗಿದರೆ, ಅಲ್ಲಿ ಟೆಂಟ್ ಶಾಲೆ ಬೇಕು, ಇಲ್ಲಿ ಋತುಮಾನದ ಹಾಸ್ಟೆಲ್ ಬೇಕು, ರೇಷನ್ ಅಲ್ಲಿ ಸಿಗಬೇಕು ಎಂದರ್ಥ. ಯಾರ ಹೆಸರೂ ಬೇಡ, ಇಷ್ಟು ಜನ ಎಂಬ ಸಂಖ್ಯೆ ಸಾಕು. ಮೊಬೈಲ್ ಲೆಕ್ಕವನ್ನು ನಗರದ ಟ್ರಾಫಿಕ್ಕಿಗಿಂತ ಮೊದಲು ಬಳಸಬೇಕಾದ್ದು ಇಲ್ಲಿ.

ಆದರೆ ಫೋನಿಗೆ ಕಾಣುವವರು ಯಾರು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಾವೇ ಬಳಸುವ ಮೊಬೈಲ್ ಇರುವ ಹೆಂಗಸರು ದೇಶದಲ್ಲಿ ಶೇ 54ರಷ್ಟು ಮಾತ್ರ. ಉಳಿದ ಮನೆಗಳಲ್ಲಿ ಫೋನು ಗಂಡನ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತದೆ. ಹೆಂಡತಿಯ ಓಡಾಟ ಯಾವ ಟವರಿಗೂ ತಿಳಿಯುವುದಿಲ್ಲ. ಎರಡು ಸಿಮ್ ಇರುವವನು ಇಬ್ಬರಾಗುತ್ತಾನೆ, ಮಗು ಸೊನ್ನೆಯಾಗುತ್ತದೆ. ಫೋನು ಕೈಯಲ್ಲೇ ಇದ್ದರೂ ನಮ್ಮತ್ತೆಯ ಆ ದಿನದ ನಾಲ್ಕು ಓಡಾಟಗಳು ಒಂದೇ ಟವರಿನ ನೆರಳಿನಲ್ಲಿ ನಡೆದವು. ಅಂದು ಹುಡುಗನ ಹಾಳೆಯಲ್ಲಿ ಬರೆದದ್ದನ್ನೇ ಈ ಯಂತ್ರವೂ ಬರೆಯುತ್ತಿತ್ತು: ಪ್ರಯಾಣ ಇಲ್ಲ.

ಕಾಲ್ನಡಿಗೆಯ ಈ ಸಣ್ಣ ಪಯಣಗಳು ಲೆಕ್ಕದಿಂದ ಬಿದ್ದುಹೋದರೆ ಫುಟ್‌ಪಾತ್ ಕಟ್ಟುವವರಿಲ್ಲ. ಫ್ಲೈಓವರ್ ಕಟ್ಟಲು ಕೋಷ್ಟಕ ಸಿಗುತ್ತದೆ, ಶಾಲೆಯ ಮುಂದೆ ರಸ್ತೆ ದಾಟಲು ಪಟ್ಟೆ ಬಳಿಯಲು ಕೋಷ್ಟಕ ಸಿಗುವುದಿಲ್ಲ. ಆದ್ದರಿಂದ ಈ ವಿಧಾನವನ್ನು ಒಂಟಿಯಾಗಿ ನಂಬುವುದು ತಪ್ಪು. ನಮ್ಮ ರಾಜ್ಯದಲ್ಲಿ ಅದರ ಜೊತೆಗೆ ಇಡಲು ಇನ್ನೊಂದು ದಾಖಲೆ ಇದೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ 2025ರ ಜುಲೈ ಹೊತ್ತಿಗೆ ಹೆಂಗಸರು 500 ಕೋಟಿ ಬಾರಿ ಬಸ್ಸು ಹತ್ತಿದ್ದರು. ಪ್ರತಿ ಬಾರಿಯೂ ಒಂದು ಶೂನ್ಯ ದರದ ಟಿಕೆಟ್. ಟವರಿಗೆ ಕಾಣದ ಎಷ್ಟೋ ಹೆಂಗಸರು ಕಂಡಕ್ಟರ್ ಕೈಯ ಟಿಕೆಟ್ ಮೆಷಿನ್ನಿನಲ್ಲಿದ್ದಾರೆ.

ಇನ್ನೊಂದು ತೊಡಕು ಬುಡದಲ್ಲೇ ಇದೆ. ಒಂದು ಕಂಪನಿಯ ಫೋನುಗಳಿಂದ ಇಡೀ ಜನರ ಅಂದಾಜಿಗೆ ಬರಬೇಕಾದರೆ, ಆ ಪ್ರದೇಶದಲ್ಲಿ ನಿಜಕ್ಕೂ ಎಷ್ಟು ಜನ ವಾಸವಿದ್ದಾರೆಂದು ಗೊತ್ತಿರಬೇಕು. ಅದು ಗೊತ್ತಾಗುವುದು ಜನಗಣತಿಯಿಂದ. ನಮ್ಮ ಕೈಯಲ್ಲಿರುವ ಪೂರ್ತಿ ಗಣತಿ 2011ರದು. 2021ರದು 2027ಕ್ಕೆ ಹೋಗಿದೆ. ಹೊಸ ತಂತ್ರಜ್ಞಾನ ಬಂತು, ಇನ್ನು ಮನೆಮನೆ ಎಣಿಕೆ ಬೇಡ ಎನ್ನುವವರು ಇದನ್ನು ಗಮನಿಸಬೇಕು.

ಖಾಸಗಿತನದ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಹೆಸರು ಅಳಿಸಿದರೆ ಸಾಕು ಎಂಬ ನಂಬಿಕೆ 2013ರಲ್ಲೇ ಮುರಿದುಬಿತ್ತು. ಇವ್-ಅಲೆಕ್ಸಾಂಡ್ರ್ ದ ಮಾಂಟ್‌ಜೋಯ್ ಮತ್ತು ಸಂಗಡಿಗರು 15 ಲಕ್ಷ ಜನರ ಹದಿನೈದು ತಿಂಗಳ ದಾಖಲೆ ಪರೀಕ್ಷಿಸಿದರು. ಒಬ್ಬ ವ್ಯಕ್ತಿ ಯಾವ ಹೊತ್ತಿಗೆ ಎಲ್ಲಿದ್ದ ಎಂಬ ನಾಲ್ಕು ಸುಳಿವು ಸಿಕ್ಕರೆ ನೂರರಲ್ಲಿ 95 ಮಂದಿಯನ್ನು ಗುಂಪಿನಿಂದ ಹೆಕ್ಕಿ ತೆಗೆಯಬಹುದು ಎಂದು ತೋರಿಸಿದರು. ನಮ್ಮಲ್ಲಿ 2020ರ ಫೆಬ್ರವರಿಯಲ್ಲಿ, ಇಡೀ ಪ್ರದೇಶಗಳ ಎಲ್ಲ ಗ್ರಾಹಕರ ಕರೆ ವಿವರ ಕೇಳುತ್ತಿರುವುದಕ್ಕೆ ಮೊಬೈಲ್ ಕಂಪನಿಗಳ ಸಂಘವೇ ದೂರಸಂಪರ್ಕ ಇಲಾಖೆಗೆ ಆಕ್ಷೇಪದ ಪತ್ರ ಬರೆಯಬೇಕಾಯಿತು. ಅದೇ ವರ್ಷ ಘಾನಾದಲ್ಲಿ ಬೇರೆ ರೀತಿ ನಡೆಯಿತು. ಅಲ್ಲಿನ ಅಂಕಿಅಂಶ ಇಲಾಖೆ, ವೊಡಾಫೋನ್ ಘಾನಾ ಮತ್ತು ಫ್ಲೋಮೈಂಡರ್ ಸಂಸ್ಥೆಗಳ ಜೊತೆ ಸೇರಿ, ಕೋವಿಡ್ ನಿರ್ಬಂಧದ ದಿನಗಳ ಓಡಾಟದ ವರದಿಯನ್ನು ಎಲ್ಲರೂ ಓದುವಂತೆ ಹೊರಡಿಸಿತು. ವ್ಯಕ್ತಿಯ ದಾಖಲೆಯ ಬದಲು ಪ್ರದೇಶದಿಂದ ಪ್ರದೇಶಕ್ಕೆ ಎಷ್ಟು ಎಂಬ ಮೊತ್ತ ಮಾತ್ರ ಅದರಲ್ಲಿತ್ತು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ ತೀರ್ಪಿಗೆ ಹೆಸರು ಕೊಟ್ಟ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಸಂಶೋಧನೆ ಮತ್ತು ಅಂಕಿಅಂಶದ ಕೆಲಸಕ್ಕೆ ವಿನಾಯಿತಿ ಕೊಟ್ಟಿದೆ. ಆ ಬಾಗಿಲನ್ನು ಎಷ್ಟು ತೆರೆಯಬೇಕೆಂದು ಬರೆದಿಡುವ ಕೆಲಸ ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದಂಥ ಇಲಾಖೆ ಮಾಡಬೇಕು, ಪೊಲೀಸರು ಮಾಡಬಾರದು. ಕಡತ ಕಂಪನಿಯ ಆವರಣ ಬಿಟ್ಟು ಬರಬಾರದು. ಹೊರಬರುವ ಮೊತ್ತದಲ್ಲಿ ಇಪ್ಪತ್ತಕ್ಕಿಂತ ಕಡಿಮೆ ಜನರಿರುವ ಸಾಲು ಇರಕೂಡದು. ಜಾತ್ರೆಗೆ ಕೂಡಿದ ಜನರನ್ನು ಎಣಿಸುವ ಉಪಕರಣವೇ ಧರಣಿಗೆ ಕೂಡಿದವರನ್ನೂ ಎಣಿಸಬಲ್ಲದು, ಅದಕ್ಕೆ ಬಳಸುವುದನ್ನು ಸ್ಪಷ್ಟವಾಗಿ ನಿಷೇಧಿಸಬೇಕು. ಬಂದ ಲೆಕ್ಕ ಪಂಚಾಯ್ತಿಗೂ ಸಿಗಬೇಕು, ಪತ್ರಿಕೆಗೂ ಸಿಗಬೇಕು.

ಓದುಗರಲ್ಲಿ ಒಂದು ಕೋರಿಕೆ. ಮುಂದಿನ ಸಲ ಸಮೀಕ್ಷೆಯವರು ಬಾಗಿಲಿಗೆ ಬಂದಾಗ ಮನೆಯ ಗಂಡಸರು ಎಲ್ಲರ ಪರವಾಗಿ ಉತ್ತರ ಕೊಟ್ಟು ಕಳಿಸಬೇಡಿ. ಹೆಂಗಸರನ್ನು ಕರೆದು ಮುಂದೆ ಕೂರಿಸಿ. ರೇಷನ್ ಅಂಗಡಿಗೆ ಹೋಗಿದ್ದು, ಮಗುವನ್ನು ಶಾಲೆಗೆ ಬಿಟ್ಟಿದ್ದು, ನೀರಿಗೆ ಹೋಗಿದ್ದು, ಎಲ್ಲವನ್ನೂ ಒಂದೊಂದಾಗಿ ಬರೆಸಿ.