ಅವ್ವನ 67, ವಿಮೆಯ 3 ವರ್ಷ

ಕಳೆದ ತಿಂಗಳಿಡೀ ದಿಲ್‌ಸುಖ್‌ನಗರದ ನಮ್ಮ ಬಾಡಿಗೆ ಮನೆಯಲ್ಲಿ ಒಂದೇ ಮಾತು: ಅವ್ವನ ಆರೋಗ್ಯ ವಿಮೆ. ನಾನು ಕೆಲಸ ಬದಲಿಸಿದೆ. ಹಳೆಯ ಕಂಪನಿಯ ಗ್ರೂಪ್ ಪಾಲಿಸಿಯಲ್ಲಿ ಅಪ್ಪ, ಅವ್ವ ಇಬ್ಬರೂ ಇದ್ದರು. ಹೊಸ ಕಂಪನಿಯದರಲ್ಲಿ ಹೆಂಡತಿ, ಮಕ್ಕಳಿಗೆ ಮಾತ್ರ ಜಾಗ. ಕೊನೆಯ ದಿನ ಲ್ಯಾಪ್‌ಟಾಪ್ ಜೊತೆಗೆ ಅವರ ವಿಮೆಯನ್ನೂ ವಾಪಸ್ ಕೊಟ್ಟು ಬಂದಂತಾಯಿತು.

ಅಪ್ಪನಿಗೆ 72. ಅವರದು ಸುಲಭವಾಯಿತು. 70 ದಾಟಿದವರಿಗೆ ಆದಾಯ ನೋಡದೆ ಕೊಡುವ ಆಯುಷ್ಮಾನ್ ವಯ ವಂದನ ಕಾರ್ಡ್ 2024ರ ಅಕ್ಟೋಬರ್‌ನಿಂದ ಇದೆ. ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಆದರೆ ಅವ್ವನಿಗೆ ಇನ್ನೂ 67. ಗಂಡನ ಕಾರ್ಡ್ ಅವಳಿಗೆ ನಡೆಯುವುದಿಲ್ಲ. ಸಕ್ಕರೆ ಕಾಯಿಲೆ ಮಾತ್ರ 70ರ ತನಕ ಕಾಯದೆ ಬಂದುಬಿಟ್ಟಿದೆ.

65 ದಾಟಿದವರಿಗೂ ಹೊಸ ಪಾಲಿಸಿ ಸಿಗಲಿ ಎಂದು ವಿಮಾ ನಿಯಂತ್ರಕ ಐಆರ್‌ಡಿಎಐ 2024ರ ಏಪ್ರಿಲ್‌ನಲ್ಲಿ ನಿಯಮ ಬದಲಿಸಿತು. ಖುಷಿಪಟ್ಟೆ. ಆದರೆ ಪ್ರತಿ ಅರ್ಜಿಯನ್ನೂ ಒಪ್ಪಲೇಬೇಕೆಂದು ನಿಯಮ ಹೇಳುವುದಿಲ್ಲ. ಒಂದು ಕಂಪನಿ ಅವ್ವನ ರಕ್ತಪರೀಕ್ಷೆ ನೋಡಿ ಬೇಡವೆಂದಿತು. ಇನ್ನೊಂದು ಒಪ್ಪಿತು, ಎರಡು ಷರತ್ತಿನ ಮೇಲೆ: ಪ್ರತಿ ಬಿಲ್‌ನಲ್ಲಿ ಶೇ 20 ನಮ್ಮದು, ಸಕ್ಕರೆ ಕಾಯಿಲೆ ಸಂಬಂಧದ ಚಿಕಿತ್ಸೆಗೆ 3 ವರ್ಷ ಕಾಯಬೇಕು. ಮೊದಲಿದ್ದ 4 ವರ್ಷದ ಮಿತಿ ಈಗ ಮೂರಕ್ಕೆ ಇಳಿದಿದೆಯಂತೆ, ಪುಣ್ಯ! 3 ವರ್ಷ ಕಾದರೆ ಅವ್ವನಿಗೇ 70 ತುಂಬಿ ಸರ್ಕಾರದ ಕಾರ್ಡ್ ಬರುತ್ತದೆ.

ಏಜೆಂಟ್ ಮೆಲ್ಲಗೆ ಹೇಳಿದ: "ಶುಗರ್ ವಿಷಯ ಬರೀಬೇಡಿ ಸಾರ್." ಬರೆದೆ. ಮುಚ್ಚಿಟ್ಟು ತೆಗೆದುಕೊಂಡ ಪಾಲಿಸಿ ಆಸ್ಪತ್ರೆಯ ಕೌಂಟರ್‌ನಲ್ಲೇ ಕೈಕೊಡುತ್ತದೆ.

ಅವ್ವ ಕೇಳಿದಳು: "ಅಷ್ಟು ರೊಕ್ಕ ಬ್ಯಾಂಕಿನಾಗ ಇಡೋ. ನನ್ನ ಬ್ಯಾನಿಗೇ ಬರಲಾರದ ಇನ್ಶೂರೆನ್ಸ್ ಯಾತಕ್ಕ?" ಬಚ್ಚಲಲ್ಲಿ ಜಾರಿ ಬಿದ್ದರೆ, ಡೆಂಗೆ ಬಂದರೆ ಬೇಕಲ್ಲ ಅಂದೆ. ಕೊನೆಗೆ ತೆಗೆದುಕೊಂಡೆವು.

ಎಲ್ಲ ಮುಗಿದ ಮೇಲೆ ತಿಳಿದದ್ದು ಇದು: ಗ್ರೂಪ್ ಪಾಲಿಸಿಯಿಂದ ಹೊರಬರುವಾಗ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗಲು ಅರ್ಜಿ ಹಾಕಬಹುದು. ಅವರು ಒಪ್ಪಿದರೆ, ಅಷ್ಟು ವರ್ಷ ವಿಮೆಯಲ್ಲಿದ್ದದ್ದು ಕಾಯುವ ಅವಧಿಯ ಲೆಕ್ಕಕ್ಕೆ ಬರುತ್ತದೆ. ಅವ್ವ ಆ ಪಾಲಿಸಿಯಲ್ಲಿ 6 ವರ್ಷ ಇದ್ದಳು. ನೋಟಿಸ್ ಅವಧಿಯಲ್ಲಿ ಪಿಎಫ್, ಗ್ರಾಚ್ಯುಟಿ ಎಲ್ಲ ವಿಚಾರಿಸಿದ ನಾನು ಇದೊಂದನ್ನು ಕೇಳಲಿಲ್ಲ.

ನೀವು ರಾಜೀನಾಮೆಯ ಮೇಲ್ ಕಳಿಸುವ ಮೊದಲು ಎಚ್‌ಆರ್‌ಗೆ ಇದನ್ನು ಕೇಳಿ. ಅಪ್ಪ ಅಮ್ಮನಿಗೆ ಇನ್ನೂ 60 ದಾಟಿಲ್ಲವಾದರೆ, ಕಂಪನಿಯ ವಿಮೆ ಇದ್ದರೂ ಅವರದೇ ಒಂದು ಪಾಲಿಸಿ ಈಗಲೇ ಮಾಡಿಸಿ.