ಕಡಲಿಗೂ ಕಾವಲಿ ಹೊತ್ತು
ನಮ್ಮ ಹೆತ್ತೂರಿನಿಂದ ಬಿಸ್ಲೆ ಘಾಟಿ ಇಳಿದರೆ ಸುಬ್ರಹ್ಮಣ್ಯ, ಅಲ್ಲಿಂದ ಮುಂದೆ ಮಂಗಳೂರು, ಕಡಲು. ಕಾಫಿ ಕೊಯ್ಲು ಮುಗಿದು ಮಕ್ಕಳಿಗೆ ರಜೆ ಬಂದ ಮೇಲೆ, ಅಂದರೆ ಕರಾವಳಿ ಬೇಯುವ ಏಪ್ರಿಲ್‌ನಲ್ಲೇ, ನಮ್ಮ ಪ್ರವಾಸ. ಮಳೆಗಾಲಕ್ಕೆ ಮುಂದೂಡೋಣವೆಂದರೆ ಘಾಟಿಯನ್ನು ನಂಬುವಂತಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಶಿರಾಡಿಯೇ ಮುಚ್ಚಿತ್ತಲ್ಲ! ಸರಿ, ಸೆಖೆಯನ್ನು ಸಹಿಸೋಣ.

ಆದರೆ ಗಂಡಸರು ಕೂತು ಜೀಪು, ದಾರಿ, ರೂಮು ಎಂದು ಲೆಕ್ಕ ಹಾಕುವಾಗ "ಅಡುಗೆಮನೆ ಇರುವ ರೂಮೇ ಅಗ್ಗ" ಅನ್ನುತ್ತಾರೆ ನೋಡಿ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ಯಾರಿಗೆ ಅಗ್ಗ? ಪಣಂಬೂರಿನ ಅಲೆಯಲ್ಲಿ ಅವರು ಕಾಲು ನೆನೆಸುವಾಗ ಒಳಗೆ ಅಕ್ಕಿರೊಟ್ಟಿ ತಟ್ಟುವವಳು ಯಾರು? ನೀರುದೋಸೆ, ಗೋಳಿಬಜೆಗೆ ಮಂಗಳೂರಿನಲ್ಲಿ ಬರವೆ? ಹೋಟೆಲಿನ ಖರ್ಚು ಹೆಚ್ಚಾಯಿತೋ, ಒಂದು ದಿನ ಮೊದಲೇ ಮರಳೋಣ. ಈ ಸಲ ರೊಟ್ಟಿ ಕಾವಲಿ ಮನೆಯಲ್ಲೇ ಇರಲಿ.