ಮುಪ್ಪಿನ ಆರೈಕೆಗೂ ಒಂದು ಓದು ಬೇಕು

ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುವುದು ನನ್ನ ಕೆಲಸ. ಶಿವಮೊಗ್ಗದ ಆಸುಪಾಸಿನಲ್ಲಿ ನನ್ನನ್ನು ಕರೆಸುವವರಲ್ಲಿ ಹೆಚ್ಚಿನವರು ಎಪ್ಪತ್ತು ದಾಟಿದವರು.

ಈಚೆಗೆ ಒಬ್ಬ ಅಜ್ಜಿ ಮೇಲಿಂದ ಮೇಲೆ ಬೀಳುತ್ತಿದ್ದರು. ಮಂಡಿ ಸವೆದಿದೆ, ವ್ಯಾಯಾಮ ಹೇಳಿಕೊಡಿ ಎಂದು ಮಗ ಕರೆಸಿದ್ದರು. ನಮ್ಮಲ್ಲೊಂದು ಪರೀಕ್ಷೆಯಿದೆ: ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. 12 ಸೆಕೆಂಡು ಹಿಡಿದರೆ ಬೀಳುವ ಅಪಾಯವಿದೆ ಎಂದರ್ಥ. ಅಜ್ಜಿ ಅದಕ್ಕೂ ಮೊದಲೇ ಬಂದು ಕೂತರು. ಹಾಗಾದರೆ ಬೀಳಲು ಕಾರಣ ಮಂಡಿಯೊಂದೇ ಇರಲಾರದು ಅನ್ನಿಸಿತು.

"ರಾತ್ರಿ ಎಷ್ಟು ಸಲ ಏಳ್ತೀರಿ ಅಜ್ಜಿ?"

"ಮೂರ್ನಾಲ್ಕು ಸಲ ಆಗುತ್ತೆ ಕಣಮ್ಮ."

ಮಾತ್ರೆ ಡಬ್ಬಿ ತರಿಸಿದೆ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಯನ್ನು ರಾತ್ರಿ ಊಟವಾದ ಮೇಲೆ ನುಂಗುತ್ತಿದ್ದರು; ಜೊತೆಗೆ ನಿದ್ದೆ ಮಾತ್ರೆ. ಬಚ್ಚಲು ಹಿತ್ತಿಲಲ್ಲಿ, ನಡುವೆ ಎತ್ತರದ ಹೊಸ್ತಿಲು, ದೀಪವಿಲ್ಲ. ವಯಸ್ಸಾದವರಿಗೆ ಕೊಡಬಾರದ ಔಷಧಿಗಳ ಪಟ್ಟಿಯನ್ನು ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ ಮತ್ತು ಸಂಗಡಿಗರು 1991ರಲ್ಲೇ ಮಾಡಿದ್ದರು. ಇಂಥ ಹಲವು ನಿದ್ದೆ ಮಾತ್ರೆಗಳು ಇಂದಿಗೂ ಆ ಪಟ್ಟಿಯಲ್ಲಿವೆ. ಮಾತ್ರೆಗಳ ವಿಚಾರವಾಗಿ ವೈದ್ಯರನ್ನು ಕಾಣಿರೆಂದು ಮಗನಿಗೆ ಹೇಳಿ, ಹೊಸ್ತಿಲ ಬಳಿ ಹಿಡಿಕೆಯೊಂದನ್ನು ಹಾಕಿಸಿದೆ.

ಮಾತ್ರೆ ಬರೆದವರು ಬಚ್ಚಲು ನೋಡಿರಲಿಲ್ಲ. ಮನೆಯವರಿಗೆ ಮಾತ್ರೆಯ ಗುಣ ತಿಳಿಯದು. ಇವೆರಡನ್ನೂ ಕೂಡಿಸಿ ನೋಡುವುದನ್ನು ಕಲಿಸುವ ವಿದ್ಯೆಯೇ ಜೆರೊಂಟಾಲಜಿ, ವೃದ್ಧಾಪ್ಯಶಾಸ್ತ್ರ. ಅದರಲ್ಲಿ ದೇಹದ ಜೊತೆಗೆ ಮರೆವು, ಒಂಟಿತನ, ಮನೆಯ ರಚನೆ, ಪಿಂಚಣಿ, ಕಾನೂನು ಎಲ್ಲವೂ ಬರುತ್ತವೆ. ಮಕ್ಕಳು ಕೈಬಿಟ್ಟ ತಂದೆತಾಯಿ 2007ರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ಮುಂದೆ ಜೀವನಾಂಶ ಕೇಳಬಹುದು. ಈ ಸಂಗತಿ ಅವರ ಗಾಯ ತೊಳೆಯುವ ನರ್ಸ್‌ಗೆ ಗೊತ್ತಿರಬೇಡವೇ?

ವೈದ್ಯರಿಗೇನೋ ದಾರಿ ತೆರೆದಿದೆ. ಚೆನ್ನೈನ ಮದ್ರಾಸ್ ವೈದ್ಯಕೀಯ ಕಾಲೇಜು 1996ರಲ್ಲೇ ವೃದ್ಧರ ಚಿಕಿತ್ಸೆಗೆ ಎಂ.ಡಿ. ಆರಂಭಿಸಿತು, ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಇದೇ ವಿಷಯದ ಡಿಪ್ಲೊಮಾ ಕೂಡ ಎಂಬಿಬಿಎಸ್ ಆದವರಿಗೇ. ಆದರೆ ವೃದ್ಧರ ಪಕ್ಕದಲ್ಲಿ ದಿನವಿಡೀ ಇರುವವರು ನರ್ಸ್‌ಗಳು, ಸಮಾಜಕಾರ್ಯಕರ್ತರು, ವೃದ್ಧಾಶ್ರಮ ನಡೆಸುವವರು. ಆರೈಕೆ ಬೇಕಾದವರೋ ಕಡಿಮೆಯಿಲ್ಲ: 2011ರ ಜನಗಣತಿಯಲ್ಲೇ ದೇಶದಲ್ಲಿ ಅರವತ್ತು ದಾಟಿದವರು 10 ಕೋಟಿಗೂ ಮಿಕ್ಕಿದ್ದರು. ಆರೈಕೆ ಮಾಡುವವರಿಗೆ ಓದೇಕೆ, ಅನುಭವ ಸಾಲದೇ ಎನ್ನುವವರಿದ್ದಾರೆ. ಅನುಭವ ಕೈ ಪಳಗಿಸುತ್ತದೆ, ನಿಜ. ಆದರೆ ಮುದುಕರು ಬೀಳುವುದು ಸಹಜ ಎಂದು ನಂಬಿಸುವುದೂ ಅದೇ ಅನುಭವ.

ಸಂಸಾರ ಹೊತ್ತವರು ಕೆಲಸ ಬಿಟ್ಟು ಎರಡು ವರ್ಷ ಓದಲಾರರು. ನಮ್ಮ ವಿಶ್ವವಿದ್ಯಾಲಯಗಳು ಶನಿವಾರ, ಭಾನುವಾರ ಜೆರೊಂಟಾಲಜಿ ತರಗತಿ ನಡೆಸಲಿ. ಪಾಠ ಕನ್ನಡದಲ್ಲೂ ಇರಲಿ. ವೃದ್ಧರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಗೆ ಹತ್ತು ಹಾಸಿಗೆಯ ವಾರ್ಡ್ ಗೊತ್ತುಮಾಡಿದ್ದಾರೆ. ವಿದ್ಯಾರ್ಥಿಗಳ ತರಬೇತಿ ಅಲ್ಲೇ ಆಗಲಿ. ಓದಿ ಬಂದವರಿಗೆ ಅದೇ ವಾರ್ಡ್‌ನಲ್ಲಿ ಖಾಯಂ ಹುದ್ದೆಯನ್ನೂ ಸರ್ಕಾರ ಮಂಜೂರು ಮಾಡಬೇಕು.